ಸಮೀಕ್ಷೆಯ ಅಂಕಿ, ಪಾಲಕರ ಪ್ರಶ್ನೆ

2024ರ ಡಿಸೆಂಬರ್ 4ರಂದು ದೇಶದ 781 ಜಿಲ್ಲೆಗಳ 74 ಸಾವಿರಕ್ಕೂ ಹೆಚ್ಚು ಶಾಲೆಗಳಲ್ಲಿ 3, 6 ಮತ್ತು 9ನೇ ತರಗತಿಗಳ ಸುಮಾರು 21 ಲಕ್ಷ ಮಕ್ಕಳು ಬರೆದ ಪರೀಕ್ಷೆಯ ಹೆಸರು ಪರಖ್ ರಾಷ್ಟ್ರೀಯ ಸರ್ವೇಕ್ಷಣ. ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಮಂಡಳಿ, ಅಂದರೆ ಎನ್‌ಸಿಇಆರ್‌ಟಿ, 2017ರಲ್ಲಿಯೂ 2021ರಲ್ಲಿಯೂ ರಾಷ್ಟ್ರೀಯ ಸಾಧನಾ ಸಮೀಕ್ಷೆ ಎಂಬ ಹೆಸರಿನಲ್ಲಿ ರೂಪಿಸಿದ್ದ ಪರೀಕ್ಷೆಗಳ ಮುಂದುವರಿಕೆ ಇದು. ಒಂದು ಹಂತ ದಾಟಿ ಬಂದ ಮಕ್ಕಳು ಆ ಹಂತದಲ್ಲಿ ಕಲಿಯಬೇಕಿದ್ದುದನ್ನು ಕಲಿತಿದ್ದಾರೆಯೇ ಎಂದು ನೋಡುವುದು ಇದರ ಉದ್ದೇಶ. ಇಂಥ ಪರೀಕ್ಷೆಗಳ ಫಲಿತಾಂಶ ಹೊರಬಿದ್ದಾಗ ರಾಜ್ಯಗಳ ಸ್ಥಾನಮಾನದ ಬಗ್ಗೆ ಪತ್ರಿಕೆಗಳಲ್ಲಿ ಚರ್ಚೆಯಾಗುತ್ತದೆ, ವಿಧಾನಮಂಡಲದಲ್ಲಿ ಮಾತಾಗುತ್ತದೆ. ಆದರೆ ಪರೀಕ್ಷೆ ಬರೆದ ಎಂಟು ವರ್ಷದ ಮಗುವಿನ ತಂದೆತಾಯಿಗೆ ಇದರ ಬಗ್ಗೆ ಏನು ಗೊತ್ತಿದೆ, ಏನು ಗೊತ್ತಿರಬೇಕು, ಅದನ್ನು ಅವರಿಗೆ ತಿಳಿಸಿ ಹೇಳುವ ಹೊಣೆ ಯಾರದು ಎಂಬ ವಿಚಾರ ಮಾತ್ರ ಆ ಚರ್ಚೆಗಳಲ್ಲಿ ಎಲ್ಲಿಯೂ ಬರುವುದಿಲ್ಲ.

ಬಾಗಲಕೋಟೆ ಜಿಲ್ಲೆಯಲ್ಲಿ ಘಟಪ್ರಭಾ ದಂಡೆಯ ಅನಗವಾಡಿಯಾಗಲಿ, ಬೀಳಗಿ ತಾಲ್ಲೂಕಿನ ಮುಳುಗಡೆ ಸಂತ್ರಸ್ತರ ಪುನರ್ವಸತಿ ಕೇಂದ್ರಗಳಾಗಲಿ, ಮುಧೋಳ-ಜಮಖಂಡಿಯ ಕಬ್ಬಿನ ಊರುಗಳಾಗಲಿ, ರಬಕವಿ-ಬನಹಟ್ಟಿಯ ನೇಕಾರರ ಓಣಿಗಳಾಗಲಿ, ಪಾಲಕರು ಶಾಲೆಗೆ ಬಂದು ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ: "ನಮ್ಮ ಹುಡುಗ ಪಾಸಾಗ್ಯಾನೋ ಇಲ್ಲೋ?" ಈ ಪ್ರಶ್ನೆಗೆ ರಾಷ್ಟ್ರೀಯ ಸಮೀಕ್ಷೆಯಲ್ಲಿ ಉತ್ತರವಿಲ್ಲ, ಅದು ಯಾವ ಮಗುವನ್ನೂ ಪಾಸು ಮಾಡುವುದಿಲ್ಲ, ನಪಾಸು ಮಾಡುವುದಿಲ್ಲ, ಯಾವ ಮಗುವಿನ ಹೆಸರಿಗೂ ಅಂಕಪಟ್ಟಿ ಕೊಡುವುದಿಲ್ಲ. ಹಾಗಾದರೆ ಪಾಲಕರಿಗೂ ಅದಕ್ಕೂ ಸಂಬಂಧವೇ ಇಲ್ಲವೆಂದು ಬಿಟ್ಟುಬಿಡಬಹುದೇ ಎಂದರೆ, ಬಿಡಬಾರದು ಎಂಬುದೇ ಈ ಲೇಖನದ ವಾದ. ಸಮೀಕ್ಷೆ ಅಳೆಯುವುದು ವ್ಯವಸ್ಥೆಯನ್ನು. ಪಾಲಕರಿಗೆ ಬೇಕಾದದ್ದು ತಮ್ಮ ಮಗುವಿನ ಲೆಕ್ಕ. ಇವೆರಡು ಬೇರೆ ಬೇರೆ ಎಂಬುದು ಪಾಲಕರಿಗೆ ಸ್ಪಷ್ಟವಾದರೆ, ಮಗು ಹಿಂದುಳಿದಾಗ ಅವರು ಯಾರನ್ನು ದೂರಬೇಕು, ಯಾರನ್ನು ಏನು ಕೇಳಬೇಕು ಎಂಬುದೇ ಬದಲಾಗುತ್ತದೆ.

ಮೊದಲು ಸಮೀಕ್ಷೆಯ ಸ್ವರೂಪವನ್ನು ನೋಡಬೇಕು. ಇದು ಮಾದರಿ ಸಮೀಕ್ಷೆ, ಅಂದರೆ ಎಲ್ಲ ಮಕ್ಕಳನ್ನೂ ಪರೀಕ್ಷಿಸದೆ, ಸಂಖ್ಯಾಶಾಸ್ತ್ರದ ನಿಯಮದಂತೆ ಆರಿಸಿದ ಕೆಲವು ಶಾಲೆಗಳ ಕೆಲವು ಮಕ್ಕಳನ್ನು ಮಾತ್ರ ಪರೀಕ್ಷಿಸಿ, ಅದರಿಂದ ಇಡೀ ಜಿಲ್ಲೆಯ ಸ್ಥಿತಿಯನ್ನು ಅಂದಾಜು ಮಾಡುವ ಕ್ರಮ. 2017ರಲ್ಲಿ ಆಯ್ಕೆಯಾದ ಶಾಲೆಯ ಒಂದು ತರಗತಿಯಿಂದ ಹೆಚ್ಚೆಂದರೆ 30 ಮಕ್ಕಳನ್ನು ತೆಗೆದುಕೊಳ್ಳಲಾಗಿತ್ತು. 3ನೇ ತರಗತಿಗೆ ಭಾಷೆ, ಗಣಿತ ಮತ್ತು ಪರಿಸರ ಅಧ್ಯಯನ ಸೇರಿ 45 ಪ್ರಶ್ನೆಗಳಿದ್ದವು, ಪ್ರತಿ ಪ್ರಶ್ನೆಗೂ ಕೊಟ್ಟ ಉತ್ತರಗಳಲ್ಲಿ ಸರಿಯಾದ ಒಂದನ್ನು ಗುರುತಿಸಬೇಕಿತ್ತು. ಪರೀಕ್ಷೆ ನಡೆಸಿದವರು ಆ ಶಾಲೆಯ ಶಿಕ್ಷಕರಲ್ಲ, ಹೊರಗಿನಿಂದ ಬಂದ ಕ್ಷೇತ್ರ ಪರೀಕ್ಷಕರು. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿ ನೋಡುವ ರೀತಿ ಇದು ಎಂದು ಶಿಕ್ಷಕರು ಪಾಲಕರಿಗೆ ಹೇಳಬಹುದು, ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಅರ್ಧಸತ್ಯ ಹೇಳಿದಂತಾಗುತ್ತದೆ. ಯಾಕೆಂದರೆ ಒಂದು ಜಿಲ್ಲೆ ಒಂದೇ ಪಾತ್ರೆಯ ಅನ್ನವಲ್ಲ, ನೀರಾವರಿಯಾದ ಊರಿನ ಶಾಲೆಗೂ ಮಳೆಯಾಶ್ರಿತ ಊರಿನ ಶಾಲೆಗೂ, ನಾಲ್ವರು ಶಿಕ್ಷಕರಿರುವ ಶಾಲೆಗೂ ಒಬ್ಬರೇ ಇರುವ ಶಾಲೆಗೂ ಅಂತರ ಬಹಳ. ಆದ್ದರಿಂದ ಜಿಲ್ಲೆಯ ಸರಾಸರಿಯನ್ನು ನೋಡಿ ಅನಗವಾಡಿಯ ಶಾಲೆ ಹೀಗಿದೆ ಎಂದು ತೀರ್ಮಾನಿಸುವುದೂ ತಪ್ಪು, ಆ ಶಾಲೆಯ 30 ಮಕ್ಕಳು ಬರೆದರೆಂದು ಅವರ ಫಲಿತಾಂಶವನ್ನು ಊರಿನ ಮರ್ಯಾದೆಯ ಪ್ರಶ್ನೆ ಮಾಡುವುದೂ ತಪ್ಪು.

ಅಂಕಿಗಳನ್ನು ಓದುವ ರೀತಿಯನ್ನೂ ತಿಳಿಸಿಕೊಡಬೇಕಾಗುತ್ತದೆ. 2021ರ ಸಮೀಕ್ಷೆಯಲ್ಲಿ 3ನೇ ತರಗತಿಯ ಭಾಷಾ ವಿಷಯದಲ್ಲಿ ದೇಶದ ಸರಾಸರಿ 323, ಗಣಿತದಲ್ಲಿ 306 ಎಂದು ಪ್ರಕಟವಾಯಿತು. ಮಾಪಕದ ಗರಿಷ್ಠ ಮಟ್ಟ 500 ಆಗಿದ್ದುದರಿಂದ ಇದನ್ನು ಐನೂರಕ್ಕೆ ಬಂದ ಅಂಕವೆಂದು, ಶೇಕಡಾ ಅರವತ್ತರ ಮೇಲೆ ಎಂದು ಓದಿಕೊಂಡವರುಂಟು. ಅದು ಹಾಗಲ್ಲ. ಪ್ರಶ್ನೆಗಳ ಕಠಿಣತೆಯನ್ನು ಲೆಕ್ಕಕ್ಕೆ ತೆಗೆದುಕೊಂಡು, ಬೇರೆ ಬೇರೆ ಪ್ರಶ್ನೆಪತ್ರಿಕೆ ಬರೆದ ಮಕ್ಕಳನ್ನು ಹೋಲಿಸಲು ಸಾಧ್ಯವಾಗುವಂತೆ ರಚಿಸಿದ ಮಾಪಕವದು. ಒಂದು ಜಿಲ್ಲೆಯನ್ನು ಇನ್ನೊಂದರೊಂದಿಗೆ ಹೋಲಿಸಲು ಅದು ನೆರವಾಗುತ್ತದೆಯೇ ಹೊರತು ಮಕ್ಕಳಿಗೆ ಎಷ್ಟು ಬರುತ್ತದೆ ಎಂದು ನೇರವಾಗಿ ಹೇಳುವುದಿಲ್ಲ. ಇದಕ್ಕಿಂತ ಪಾಲಕರಿಗೆ ಉಪಯೋಗವಾಗುವುದು ಸಾಮರ್ಥ್ಯವನ್ನೇ ಹೆಸರಿಸಿ ಹೇಳುವ ಅಂಕಿ. 2024ರ ಸರ್ವೇಕ್ಷಣದ ಪ್ರಕಾರ, 99ರವರೆಗಿನ ಸಂಖ್ಯೆಗಳನ್ನು ಏರಿಕೆ ಅಥವಾ ಇಳಿಕೆ ಕ್ರಮದಲ್ಲಿ ಜೋಡಿಸಬಲ್ಲ 3ನೇ ತರಗತಿಯ ಮಕ್ಕಳು ದೇಶದಲ್ಲಿ ಶೇ. 55. ಈ ವಾಕ್ಯ ಯಾವ ತಾಯಿಗೂ ಅರ್ಥವಾಗುತ್ತದೆ, ಮನೆಯಲ್ಲಿ ಕುಳಿತು ಪರೀಕ್ಷಿಸಿ ನೋಡಲೂ ಬರುತ್ತದೆ.

ಈ ಒಂದು ಅಂಕಿಯ ಹಿಂದಿರುವ ಅರ್ಥವನ್ನು ಸ್ವಲ್ಪ ತಡೆದು ನೋಡಬೇಕು. ಲೆಕ್ಕ ಬಾರದ, ಓದು ಬಾರದ ಮಗುವಿನ ಬಗ್ಗೆ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಪಾಲಕರು ಆಡುವ ಮಾತು, "ಅವನ ತಲಿಗೆ ಹತ್ತೂದಿಲ್ರೀ" ಎಂಬುದು. ಆ ಮಾತಿನಲ್ಲಿ ಮಗುವಿನ ಮೇಲಿನ ಬೇಸರದಷ್ಟೇ ತಮ್ಮ ಮೇಲಿನ ಕೀಳರಿಮೆಯೂ ಇರುತ್ತದೆ: ತಾವು ಕಲಿತಿಲ್ಲ, ಮನೆಯಲ್ಲಿ ಹೇಳಿಕೊಡುವವರಿಲ್ಲ, ಆದ್ದರಿಂದ ಮಗುವಿಗೂ ಬರಲಿಲ್ಲ ಎಂದು ಅವರು ತಾವಾಗಿಯೇ ತೀರ್ಮಾನಿಸಿಕೊಂಡಿರುತ್ತಾರೆ. 2011ರ ಜನಗಣತಿಯಲ್ಲಿ ಬಾಗಲಕೋಟೆ ಜಿಲ್ಲೆಯ ಮಹಿಳಾ ಸಾಕ್ಷರತೆ ಶೇ. 58ರ ಆಸುಪಾಸಿನಲ್ಲಿತ್ತು, ಇಂದು ಪ್ರಾಥಮಿಕ ಶಾಲೆಯಲ್ಲಿರುವ ಹಲವು ಮಕ್ಕಳ ಅಜ್ಜಿಯರು, ಕೆಲವರ ತಾಯಂದಿರು ಅಕ್ಷರ ಕಲಿಯದವರು. ಇಂಥ ತಾಯಿಗೆ, ದೇಶದ ಸುಮಾರು ಅರ್ಧದಷ್ಟು ಮಕ್ಕಳು ಇದೇ ಹಂತದಲ್ಲಿ ನಿಂತಿದ್ದಾರೆ ಎಂದು ಯಾರಾದರೂ ತಿಳಿಸಿ ಹೇಳಿದರೆ, ದೋಷ ಮಗುವಿನ ತಲೆಯದಲ್ಲ, ತನ್ನದೂ ಅಲ್ಲ, ಕಲಿಸುವ ವ್ಯವಸ್ಥೆಯಲ್ಲಿ ಏನೋ ಕೊರತೆಯಿದೆ ಎಂಬ ಅರಿವು ಮೂಡುತ್ತದೆ. ಒಂದು ಮಗು ಹಿಂದುಳಿದರೆ ಮಗುವಿನಲ್ಲಿ ಕಾರಣ ಹುಡುಕಬಹುದು. ನೂರಕ್ಕೆ ನಲವತ್ತೈದು ಮಕ್ಕಳು ಹಿಂದುಳಿದರೆ ಕಾರಣವನ್ನು ಪಠ್ಯದಲ್ಲಿ, ಶಿಕ್ಷಕರ ಕೊರತೆಯಲ್ಲಿ, ತರಗತಿಯ ವೇಗದಲ್ಲಿ, ಸರ್ಕಾರದ ಆದ್ಯತೆಗಳಲ್ಲಿ ಹುಡುಕಬೇಕು. ರಾಷ್ಟ್ರೀಯ ಸಮೀಕ್ಷೆಯಿಂದ ಪಾಲಕರಿಗೆ ಆಗಬಹುದಾದ ಅತಿ ದೊಡ್ಡ ಉಪಕಾರ ಇದು, ಮತ್ತು ಇದುವರೆಗೆ ಅವರಿಗೆ ಸಿಗದೆ ಹೋಗಿರುವುದೂ ಇದೇ.

ಸಮೀಕ್ಷೆಯ ಮಿತಿಗಳನ್ನೂ ಅಷ್ಟೇ ಪ್ರಾಮಾಣಿಕವಾಗಿ ಹೇಳಬೇಕಾಗುತ್ತದೆ. 2017 ಮತ್ತು 2021ರ ಸಮೀಕ್ಷೆಗಳು ನವೆಂಬರ್ ತಿಂಗಳಿನಲ್ಲಿಯೂ 2024ರದು ಡಿಸೆಂಬರ್ ಆರಂಭದಲ್ಲಿಯೂ ನಡೆದವು. ಮುಧೋಳ, ಜಮಖಂಡಿ, ಬೀಳಗಿ ಭಾಗದಲ್ಲಿ ಇದು ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸುವ ಹಂಗಾಮು. ಕಟಾವಿನ ಗ್ಯಾಂಗುಗಳ ಜೊತೆ ಬೇರೆಡೆಯಿಂದ ಬಂದು ಹೊಲದ ಬದಿಯ ಗುಡಿಸಲಲ್ಲಿ ಇಳಿದುಕೊಂಡ ಮಕ್ಕಳು ಯಾವ ಊರಿನ ಹಾಜರಿಯಲ್ಲಿಯೂ ಇರುವುದಿಲ್ಲ, ಇದ್ದರೂ ಆ ದಿನ ತರಗತಿಯಲ್ಲಿ ಇರುವುದಿಲ್ಲ. ಶಾಲೆಯಲ್ಲಿ ನಡೆಯುವ ಸಮೀಕ್ಷೆ ಆ ದಿನ ಶಾಲೆಗೆ ಬಂದ ಮಗುವನ್ನು ಮಾತ್ರ ಎಣಿಸುತ್ತದೆ. ಎಲ್ಲರಿಗಿಂತ ಹೆಚ್ಚು ನೆರವು ಬೇಕಾದ ಮಗು ಲೆಕ್ಕದಿಂದಲೇ ಹೊರಗುಳಿಯುತ್ತದೆ. ಎರಡನೆಯದು ಕಲಿಕೆಯ ಕ್ರಮಕ್ಕೆ ಸಂಬಂಧಿಸಿದ್ದು. 1990ರ ದಶಕದಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿದ ನಲಿ-ಕಲಿ ಪದ್ಧತಿಯಲ್ಲಿ 1ರಿಂದ 3ನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗಳಾಗಿ ಕುಳಿತು, ಕಲಿಕಾ ಏಣಿ ಎಂಬ ಮೆಟ್ಟಿಲು ಮೆಟ್ಟಿಲಾದ ಚಟುವಟಿಕೆಗಳ ಸರಣಿಯನ್ನು ತಂತಮ್ಮ ವೇಗದಲ್ಲಿ ಹತ್ತುತ್ತಾರೆ. ಯಾವ ಮಗು ಯಾವ ಮೆಟ್ಟಿಲಲ್ಲಿದೆ ಎಂಬುದನ್ನು ಶಿಕ್ಷಕರು ಪ್ರಗತಿ ನೋಟದಲ್ಲಿ ಗುರುತಿಸುತ್ತಾರೆ. ಹಾಗೆ ಕಲಿತ ಮಗುವಿನ ಕೈಗೆ ಅಚ್ಚಾದ ಪ್ರಶ್ನೆಪುಸ್ತಿಕೆ ಕೊಟ್ಟು, ಎಲ್ಲರಿಗೂ ಒಂದೇ ಹೊತ್ತಿನಲ್ಲಿ, ನಾಲ್ಕರಲ್ಲಿ ಒಂದನ್ನು ಗುರುತಿಸು ಎಂದಾಗ ಅಲ್ಲಿ ಪರೀಕ್ಷೆಗೆ ಒಳಗಾಗುವುದು ಮಗುವಿನ ಓದಷ್ಟೇ ಅಲ್ಲ, ಹೊಸ ರೀತಿಗೆ ಅದು ಒಗ್ಗುವ ಬಗೆಯೂ ಹೌದು. ಮನೆಯಲ್ಲಿ ಉಳ್ಳಾಗಡ್ಡಿ, ಶೇಂಗಾ ಎನ್ನುವ ಮಗು ಈರುಳ್ಳಿ, ಕಡಲೆಕಾಯಿ ಎಂಬ ಅಚ್ಚಿನ ಮಾತನ್ನು ಎದುರಿಸುವ ಕಷ್ಟವನ್ನೂ ಇದರ ಜೊತೆಗೆ ಎಣಿಸಬೇಕು.

ಬಹು ಆಯ್ಕೆಯ ಪ್ರಶ್ನೆ ಏನನ್ನು ತೋರಿಸುತ್ತದೆ, ಏನನ್ನು ಮರೆಮಾಡುತ್ತದೆ ಎಂಬುದಕ್ಕೆ ಒಂದು ಲೆಕ್ಕವನ್ನು ಹತ್ತಿರದಿಂದ ನೋಡಬಹುದು. 41ರಲ್ಲಿ 17 ಕಳೆಯಬೇಕು. ಸರಿಯಾದ ಉತ್ತರ 24. ಆದರೆ ಅನೇಕ ಮಕ್ಕಳು 36 ಎಂದು ಬರೆಯುತ್ತಾರೆ. ಇದು ಕಣ್ಣುಮುಚ್ಚಿ ಬರೆದ ಉತ್ತರವಲ್ಲ. ಬಿಡಿಯ ಸ್ಥಾನದಲ್ಲಿ 1ರಿಂದ 7 ಹೋಗುವುದಿಲ್ಲವಾದ್ದರಿಂದ ಮಗು 7ರಿಂದ 1 ಕಳೆದು 6 ಬರೆದಿದೆ, ಹತ್ತರ ಸ್ಥಾನದಲ್ಲಿ 4ರಿಂದ 1 ಕಳೆದು 3 ಬರೆದಿದೆ. ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು ಎಂದು ಕಲಿಸಿದ ನಿಯಮವನ್ನೇ ಅದು ನಿಷ್ಠೆಯಿಂದ ಪಾಲಿಸಿದೆ, ದಶಕ ತೆಗೆದುಕೊಳ್ಳುವುದನ್ನು ಮಾತ್ರ ಅದಕ್ಕೆ ಯಾರೂ ಮನವರಿಕೆ ಮಾಡಿಕೊಟ್ಟಿಲ್ಲ. ಸಮೀಕ್ಷೆಯ ಕೋಷ್ಟಕದಲ್ಲಿ ಈ ಮಗುವೂ ಪ್ರಶ್ನೆಯನ್ನೇ ಓದಲಾಗದ ಮಗುವೂ ಒಂದೇ ಸಾಲಿನಲ್ಲಿ, ತಪ್ಪು ಉತ್ತರದ ಸಾಲಿನಲ್ಲಿ ಬರುತ್ತಾರೆ. ಇಬ್ಬರಿಗೂ ಬೇಕಾದ ನೆರವು ಬೇರೆ ಬೇರೆ; ಮೊದಲನೆಯ ಮಗುವಿಗೆ ಕಡ್ಡಿಗಳ ಕಟ್ಟು ಬಿಚ್ಚಿ ತೋರಿಸಿದರೆ ವಾರದೊಳಗೆ ದಾರಿ ಸಿಗುತ್ತದೆ, ಎರಡನೆಯ ಮಗುವಿಗೆ ತಿಂಗಳುಗಟ್ಟಲೆ ಅಕ್ಷರದ ಕೆಲಸ ಬೇಕು. ಈ ವ್ಯತ್ಯಾಸ ತಿಳಿದಿರುವುದು ತರಗತಿಯ ಶಿಕ್ಷಕರಿಗೆ, ತಿಳಿಯಬೇಕಾದದ್ದು ಪಾಲಕರಿಗೆ. ದೆಹಲಿಯಲ್ಲಿ ಅಚ್ಚಾಗುವ ವರದಿಗೆ ಅದು ತಿಳಿಯುವುದು ಸಾಧ್ಯವೂ ಇಲ್ಲ, ಅಗತ್ಯವೂ ಇಲ್ಲ.

ಸಮೀಕ್ಷೆಯ ಅಂಕಿಗಳು ರಾಜ್ಯಗಳ ಸಾಧನೆಯನ್ನು ಶ್ರೇಣೀಕರಿಸುವ ಕೇಂದ್ರದ ಸೂಚ್ಯಂಕದಲ್ಲಿ ಸೇರಿಕೊಂಡ ಮೇಲೆ ಇನ್ನೊಂದು ತೊಡಕು ಹುಟ್ಟಿತು. ಮಾದರಿ ಪ್ರಶ್ನೆಪತ್ರಿಕೆಗಳ ಅಭ್ಯಾಸ, ಒಎಂಆರ್ ಹಾಳೆಯಲ್ಲಿ ಸೊನ್ನೆ ತುಂಬುವ ತರಬೇತಿ, ಸಮೀಕ್ಷೆಗೆ ಮುನ್ನ ವಾರವಾರದ ಅಣಕು ಪರೀಕ್ಷೆಗಳು ದೇಶದ ಹಲವೆಡೆ ನಡೆದವು. ವ್ಯವಸ್ಥೆಯ ಸ್ಥಿತಿ ತಿಳಿಯಲೆಂದು ಹುಟ್ಟಿದ ಪರೀಕ್ಷೆಗೆ ಮಕ್ಕಳನ್ನು ಸಜ್ಜುಗೊಳಿಸುವುದೆಂದರೆ ಸ್ಥಿತಿಯನ್ನು ಮರೆಮಾಚುವುದೇ ಹೌದು. ಎಂಟು ವರ್ಷದ ಮಗುವಿನ ಓದುವ, ಆಡುವ ಹೊತ್ತನ್ನು ಈ ಸಿದ್ಧತೆಗೆ ವ್ಯಯಿಸುವುದನ್ನು ಪಾಲಕರು ಪ್ರಶ್ನಿಸಬೇಕು; ಪ್ರಶ್ನಿಸಬೇಕಾದರೆ ಇದು ತಮ್ಮ ಮಗುವಿನ ಪಾಸು-ನಪಾಸಿನ ಪರೀಕ್ಷೆಯಲ್ಲ ಎಂಬುದು ಅವರಿಗೆ ಮೊದಲು ಗೊತ್ತಿರಬೇಕು.

ಇದೇ ಮಕ್ಕಳನ್ನು ಬೇರೆ ರೀತಿಯಲ್ಲಿ ನೋಡುವ ಸಮೀಕ್ಷೆಯೂ ಇದೆ. ಪ್ರಥಮ್ ಸಂಸ್ಥೆ 2005ರಿಂದ ನಡೆಸುತ್ತ ಬಂದಿರುವ ಅಸರ್ ಸಮೀಕ್ಷೆ ಶಾಲೆಯಲ್ಲಿ ಅಲ್ಲ, ಮನೆಯ ಬಾಗಿಲಲ್ಲಿ ನಡೆಯುತ್ತದೆ. ಸ್ವಯಂಸೇವಕರು ಹಳ್ಳಿಗೆ ಬಂದು, ಆಯ್ದ ಮನೆಗಳ ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು, ಅಕ್ಷರ, ಪದ, 1ನೇ ತರಗತಿ ಮಟ್ಟದ ನಾಲ್ಕು ಸಾಲು, 2ನೇ ತರಗತಿ ಮಟ್ಟದ ಸಣ್ಣ ಕಥೆ ಇರುವ ಹಾಳೆಯನ್ನು ಮುಂದಿಟ್ಟು ಓದಿಸುತ್ತಾರೆ. ಮಗು ಸರಾಗವಾಗಿ ಓದಬಲ್ಲ ಮೇಲಿನ ಹಂತ ಯಾವುದೋ ಅದೇ ಅದರ ಮಟ್ಟ. ಶಾಲೆ ಬಿಟ್ಟ ಮಗುವೂ ಖಾಸಗಿ ಶಾಲೆಯ ಮಗುವೂ ಇದರಲ್ಲಿ ಸೇರುತ್ತಾರೆ. 2024ರ ಅಸರ್ ವರದಿಯ ಪ್ರಕಾರ ದೇಶದ ಗ್ರಾಮೀಣ ಸರ್ಕಾರಿ ಶಾಲೆಗಳ 3ನೇ ತರಗತಿಯ ಮಕ್ಕಳಲ್ಲಿ 2ನೇ ತರಗತಿಯ ಪಾಠವನ್ನು ಓದಬಲ್ಲವರು ಶೇ. 23.4, 2022ರಲ್ಲಿ ಇದು ಶೇ. 16.3 ಇತ್ತು. ಸರ್ಕಾರಿ ಸಮೀಕ್ಷೆಗೂ ಇದಕ್ಕೂ ಹೊಂದಿಕೆಯಾಗುವುದಿಲ್ಲ. ಎರಡರ ರಾಜ್ಯವಾರು ಶ್ರೇಯಾಂಕಗಳಿಗೆ ಪರಸ್ಪರ ಸಂಬಂಧ ತೀರ ಕಡಿಮೆಯೆಂದೂ ಸರ್ಕಾರಿ ಸರಾಸರಿಗಳು ಗಣನೀಯವಾಗಿ ಹೆಚ್ಚಿರುತ್ತವೆಯೆಂದೂ ಡಗ್ ಜಾನ್ಸನ್ ಮತ್ತು ಆಂಡ್ರೆಸ್ ಪರಾಡೊ 2021ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಅಳೆಯುವ ವಸ್ತು, ಅಳೆಯುವ ಸ್ಥಳ, ಅಳೆಯುವವರು ಎಲ್ಲವೂ ಬೇರೆಯಾಗಿರುವಾಗ ಅಂಕಿಗಳು ಭಿನ್ನವಾಗುವುದು ಸಹಜವೆಂದು ಹೇಳಬಹುದು, ಆದರೂ ಶ್ರೇಯಾಂಕಗಳೇ ಹೊಂದದಷ್ಟು ಅಂತರವನ್ನು ಅದರಿಂದ ಪೂರ್ತಿ ಸಮರ್ಥಿಸಲಾಗುವುದಿಲ್ಲ. ಪಾಲಕರ ದೃಷ್ಟಿಯಿಂದ ಮುಖ್ಯವಾದದ್ದು ಇಷ್ಟು: ತಾಯಿಯ ಕಣ್ಣೆದುರಿಗೆ, ಕಟ್ಟೆಯ ಮೇಲೆ ಕುಳಿತು ಮಗು ಓದುವ ಪರೀಕ್ಷೆಯನ್ನು ಅರ್ಥಮಾಡಿಕೊಳ್ಳಲು ಯಾವ ಮಾಪಕದ ವಿವರಣೆಯೂ ಬೇಕಾಗುವುದಿಲ್ಲ.

ಕಾನೂನು ಪಾಲಕರಿಗೆ ಏನು ಕೊಟ್ಟಿದೆ ಎಂಬುದನ್ನು ಅವರಿಗೆ ಯಾರೂ ಓದಿ ಹೇಳಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಕಲಮು ಶಿಕ್ಷಕರ ಕರ್ತವ್ಯಗಳನ್ನು ಪಟ್ಟಿ ಮಾಡುವಾಗ, ಪಾಲಕರೊಂದಿಗೆ ನಿಯತವಾಗಿ ಸಭೆ ನಡೆಸಿ ಮಗುವಿನ ಹಾಜರಿ, ಕಲಿಯುವ ಸಾಮರ್ಥ್ಯ ಮತ್ತು ಕಲಿಕೆಯಲ್ಲಿ ಆದ ಪ್ರಗತಿಯನ್ನು ತಿಳಿಸಬೇಕೆಂದು ಸ್ಪಷ್ಟವಾಗಿ ಹೇಳುತ್ತದೆ. ಅಂದರೆ ಮಗುವಿನ ಲೆಕ್ಕ ಒಪ್ಪಿಸುವುದು ಶಿಕ್ಷಕರ ಸೌಜನ್ಯವಲ್ಲ, ಶಾಸನಬದ್ಧ ಕರ್ತವ್ಯ. ಕರ್ನಾಟಕದಲ್ಲಿ 2001ರಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಜನರ ಬಾಯಲ್ಲಿ ಎಸ್‌ಡಿಎಂಸಿ, ಪಾಲಕರಿಂದಲೇ ರಚಿತವಾಗುತ್ತಿದೆ. ಸಂಕಲನಾತ್ಮಕ ಮೌಲ್ಯಮಾಪನದ ನಂತರ, ಅಂದರೆ ಅರ್ಧವರ್ಷದ ಕಲಿಕೆಯನ್ನು ಒಟ್ಟಾಗಿ ನೋಡುವ ಪರೀಕ್ಷೆಯ ನಂತರ, ಮಕ್ಕಳ ಉತ್ತರಪತ್ರಿಕೆಗಳನ್ನು ಪಾಲಕರ ಮುಂದಿಡುವ ಸಮುದಾಯದತ್ತ ಶಾಲೆ ಎಂಬ ಕಾರ್ಯಕ್ರಮವೂ ಇದೆ. ವ್ಯವಸ್ಥೆ ಇಲ್ಲವೆಂದಲ್ಲ, ಅದರೊಳಗೆ ಮಾತು ಕಡಿಮೆ. ಇಲಾಖೆಯ ನಡೆಗಳೇ ಗೊಂದಲ ಹೆಚ್ಚಿಸಿದ್ದೂ ಉಂಟು. 2024ರಲ್ಲಿ 5, 8 ಮತ್ತು 9ನೇ ತರಗತಿಗಳ ಮಂಡಳಿ ಮಟ್ಟದ ಪರೀಕ್ಷೆಯನ್ನು ಮಾರ್ಚ್ 6ರಂದು ಹೈಕೋರ್ಟಿನ ಏಕಸದಸ್ಯ ಪೀಠ ರದ್ದು ಮಾಡಿತು, ಮರುದಿನ ವಿಭಾಗೀಯ ಪೀಠ ಆ ಆದೇಶಕ್ಕೆ ತಡೆ ನೀಡಿತು, 11ರಂದು ಪರೀಕ್ಷೆ ಆರಂಭವಾಯಿತು, 12ರಂದು ಸುಪ್ರೀಂ ಕೋರ್ಟಿನ ಆದೇಶದಿಂದ ನಿಂತಿತು, 22ರಂದು ವಿಭಾಗೀಯ ಪೀಠ ಅನುಮತಿ ನೀಡಿದ ಮೇಲೆ 25ರಿಂದ ಮುಂದುವರಿಯಿತು, ಏಪ್ರಿಲ್ 8ರಂದು ಫಲಿತಾಂಶಕ್ಕೆ ಸುಪ್ರೀಂ ಕೋರ್ಟ್ ತಡೆಯೊಡ್ಡಿತು. ಹತ್ತು ವರ್ಷದ ಮಗು ಒಂದು ತಿಂಗಳಲ್ಲಿ ಇಷ್ಟನ್ನು ಕಂಡ ಮೇಲೆ, ಅದೇ ವರ್ಷದ ಡಿಸೆಂಬರಿನಲ್ಲಿ ತಮ್ಮನೋ ತಂಗಿಯೋ ಬರೆದ ರಾಷ್ಟ್ರೀಯ ಪರೀಕ್ಷೆ ಇನ್ನೊಂದೇ ಬಗೆಯದು ಎಂದು ಆ ಮನೆಯವರಿಗೆ ತಾನಾಗಿಯೇ ಹೊಳೆಯಬೇಕೆಂದು ನಿರೀಕ್ಷಿಸುವುದು ಅನ್ಯಾಯ.

ಪಾಲಕರಿಗೆ ಮಾಹಿತಿ ಕೊಟ್ಟರೆ ನಿಜವಾಗಿ ಏನಾದರೂ ಬದಲಾಗುತ್ತದೆಯೇ ಎಂಬ ಆಕ್ಷೇಪವನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಪಾಕಿಸ್ತಾನದ ಪಂಜಾಬಿನ 112 ಹಳ್ಳಿಗಳಲ್ಲಿ ತಾಹಿರ್ ಅಂದ್ರಾಬಿ, ಜಿಷ್ಣು ದಾಸ್ ಮತ್ತು ಆಸಿಮ್ ಖ್ವಾಜಾ ನಡೆಸಿದ ಪ್ರಯೋಗದಲ್ಲಿ, ಮಗುವಿನ ಅಂಕವನ್ನೂ ಊರಿನ ಎಲ್ಲ ಶಾಲೆಗಳ ಸರಾಸರಿಯನ್ನೂ ತೋರಿಸುವ ಪತ್ರವನ್ನು ಪಾಲಕರಿಗೆ ಕೊಟ್ಟು ವಿವರಿಸಿದಾಗ ಮಕ್ಕಳ ಕಲಿಕೆ ಸುಧಾರಿಸಿತು, ಖಾಸಗಿ ಶಾಲೆಗಳ ಶುಲ್ಕ ಶೇ. 17ರಷ್ಟು ಇಳಿಯಿತು. ಆದರೆ ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ನಡೆಸಿದ ಪ್ರಯೋಗ ಬೇರೆಯೇ ಪಾಠ ಕಲಿಸುತ್ತದೆ: ಊರಿನವರಿಗೆ ಶಿಕ್ಷಣ ಸಮಿತಿಯ ಅಧಿಕಾರಗಳನ್ನು ತಿಳಿಸಿದ್ದರಿಂದಾಗಲಿ, ಮಕ್ಕಳನ್ನು ತಾವೇ ಪರೀಕ್ಷಿಸಿ ಊರಿನ ವರದಿ ತಯಾರಿಸಲು ಕಲಿಸಿದ್ದರಿಂದಾಗಲಿ ಸರ್ಕಾರಿ ಶಾಲೆಯಲ್ಲಿ ಏನೂ ಬದಲಾಗಲಿಲ್ಲ, ಊರಿನ ಯುವಜನರಿಗೆ ಓದಿಸುವ ಸರಳ ಕ್ರಮವನ್ನು ಕಲಿಸಿ ಶಾಲೆಯ ನಂತರ ಓದಿನ ಶಿಬಿರ ನಡೆಸಿದ ಕಡೆ ಮಾತ್ರ, ಆ ಶಿಬಿರಕ್ಕೆ ಹೋದ ಮಕ್ಕಳು ಓದಲು ಕಲಿತರು. ಎರಡನ್ನೂ ಸೇರಿಸಿ ಓದಿದರೆ ತಿಳಿಯುವುದೇನೆಂದರೆ, ಮಾಹಿತಿ ಕೊಟ್ಟು, ಅದರ ಮೇಲೆ ಕ್ರಿಯೆ ನಡೆಸಲು ದಾರಿ ಕೊಡದಿದ್ದರೆ ಅದು ಪಾಲಕರ ತಲೆಯ ಮೇಲೆ ಹೊರಿಸಿದ ಇನ್ನೊಂದು ಹೊರೆಯಾಗುತ್ತದೆ. ಸಮೀಕ್ಷೆಯ ವರದಿಯನ್ನು ಎಸ್‌ಡಿಎಂಸಿ ಸಭೆಯಲ್ಲಿ ಓದಿ, ನಿರ್ಣಯ ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡು ಮುಗಿಸುವುದನ್ನು ಪಾಲಕರ ಸಹಭಾಗಿತ್ವ ಎಂದು ಕರೆಯುವುದು ಈ ಕಾರಣದಿಂದ ಒಪ್ಪತಕ್ಕದ್ದಲ್ಲ. ಎಲ್ಲ ಮಕ್ಕಳನ್ನೂ ಪರೀಕ್ಷಿಸಿ ಪ್ರತಿ ಮನೆಗೂ ವರದಿ ಕಳಿಸುವ ಆಸ್ಟ್ರೇಲಿಯದ ನ್ಯಾಪ್ಲಾನ್ ಮಾದರಿಯನ್ನು ಇಲ್ಲಿಗೆ ತರಬೇಕೆನ್ನುವವರಿದ್ದಾರೆ. 2008ರಿಂದ ನಡೆಯುತ್ತಿರುವ ಆ ಪರೀಕ್ಷೆಯ ಫಲಿತಾಂಶವನ್ನು 2023ರಿಂದ ಅಂಕಶ್ರೇಣಿಗಳ ಬದಲು ನಾಲ್ಕು ಮಟ್ಟಗಳಲ್ಲಿ, ಸಾಮಾನ್ಯ ಮಾತಿನಲ್ಲಿ ತಿಳಿಸುವಂತೆ ಸರಳಗೊಳಿಸಲಾಗಿದೆ. ಸರಳ ಮಾತಿನ ಆ ಪಾಠವನ್ನು ಕಲಿಯಬಹುದು. ಆದರೆ ಮೂರನೆಯ ತರಗತಿಗೆ ಎಲ್ಲ ಮಕ್ಕಳ ರಾಷ್ಟ್ರೀಯ ಪರೀಕ್ಷೆಯೆಂಬುದು ನಮ್ಮಲ್ಲಿ ಟ್ಯೂಷನ್ ಕ್ಲಾಸುಗಳಿಗೆ ಇನ್ನೂ ಎಳೆಯ ಮಕ್ಕಳನ್ನು ಒಪ್ಪಿಸುವ ದಾರಿಯಾಗುವುದರಲ್ಲಿ ಸಂಶಯವಿಲ್ಲ.

ಮಗುವಿನ ಲೆಕ್ಕವನ್ನು ಪಾಲಕರಿಗೆ ಹೇಳುವ ರೀತಿಗೆ ಒಂದು ಒಳ್ಳೆಯ ನಮೂನೆ ಸರ್ಕಾರದ ಬಳಿಯಲ್ಲಿಯೇ ಇದೆ. 2022ರ ಮಾರ್ಚ್‌ನಲ್ಲಿ ನಡೆದ ಬುನಾದಿ ಕಲಿಕಾ ಅಧ್ಯಯನದಲ್ಲಿ 3ನೇ ತರಗತಿಯ ಸುಮಾರು 86 ಸಾವಿರ ಮಕ್ಕಳನ್ನು, ಕನ್ನಡವೂ ಸೇರಿದಂತೆ 20 ಭಾಷೆಗಳಲ್ಲಿ, ಒಬ್ಬೊಬ್ಬರನ್ನೇ ಎದುರು ಕೂರಿಸಿಕೊಂಡು ಬಾಯಿಮಾತಿನಲ್ಲಿ ಪರೀಕ್ಷಿಸಲಾಯಿತು. 2021ರ ಜುಲೈ 5ರಂದು ಆರಂಭವಾದ ನಿಪುಣ ಭಾರತ ಅಭಿಯಾನ, 3ನೇ ತರಗತಿಯ ಕೊನೆಗೆ ಮಗು ನಿಮಿಷಕ್ಕೆ ಕನಿಷ್ಠ 60 ಪದಗಳನ್ನು ಅರ್ಥಸಹಿತ ಓದಬೇಕು, 9999ರವರೆಗಿನ ಸಂಖ್ಯೆಗಳನ್ನು ಓದಿ ಬರೆಯಬೇಕು ಎಂಬ ಗುರಿಯಿಟ್ಟಿದೆ. ಪ್ರತ್ಯಯಗಳು ಸೇರಿ ಪದಗಳು ಉದ್ದವಾಗುವ ಕನ್ನಡದಂಥ ಭಾಷೆಗೆ ಒಂದೇ ಪದಸಂಖ್ಯೆಯ ಅಳತೆ ಸಲ್ಲದೆಂದೇ ಆ ಅಧ್ಯಯನ ಪ್ರತಿ ಭಾಷೆಗೂ ಪ್ರತ್ಯೇಕ ಮಾನದಂಡ ನಿಗದಿ ಮಾಡಲು ಹೊರಟಿತು. ಬಾಯಿಮಾತಿನ ಈ ಪರೀಕ್ಷಾ ಕ್ರಮವನ್ನೇ ಅಕ್ಕೋರು, ಅಂದರೆ ಶಿಕ್ಷಕಿ, ಸಮುದಾಯದತ್ತ ಶಾಲೆಯ ದಿನ ತಾಯಿಯೆದುರು ಐದು ನಿಮಿಷ ನಡೆಸಬಹುದು. ಮಗು ಮೊದಲ ಬಾರಿ ನೋಡುವ ನಾಲ್ಕು ಸಾಲನ್ನು ಓದಲಿ. ಓದಿದ್ದನ್ನು ಪುಸ್ತಕ ಮುಚ್ಚಿ ತನ್ನ ಮಾತಿನಲ್ಲಿ, ಮನೆಯ ಮಾತಿನಲ್ಲಿಯೇ, ತಾಯಿಗೆ ಹೇಳಲಿ. 41 ರೂಪಾಯಿಯಲ್ಲಿ 17 ರೂಪಾಯಿಯ ಸಾಮಾನು ತಂದರೆ ಉಳಿಯುವುದೆಷ್ಟು ಎಂದು ಕೈಯಲ್ಲಿ ಚಿಲ್ಲರೆ ಹಿಡಿದು ಲೆಕ್ಕ ಮಾಡಲಿ. ಅಕ್ಷರ ಬಾರದ ತಾಯಿಗೂ ಮಗು ಅಕ್ಷರ ಅಕ್ಷರ ಕೂಡಿಸಿ ತಡವರಿಸುವುದು ಕೇಳಿಸುತ್ತದೆ, ಕಥೆ ಹೇಳಲಾಗದೆ ಅಕ್ಕೋರ ಮುಖ ನೋಡುವುದು ಕಾಣಿಸುತ್ತದೆ, ಸಂತೆಯ ಲೆಕ್ಕದಲ್ಲಿ ಆಕೆ ಶಿಕ್ಷಕರಷ್ಟೇ ನಿಪುಣಳು. ಆನಂತರ ಶಿಕ್ಷಕರು ಹೇಳಬೇಕಾದದ್ದು ದರ್ಜೆಯನ್ನಲ್ಲ, ಮುಂದಿನ ಕೆಲಸವನ್ನು: ಮಗು ಯಾವ ಮೆಟ್ಟಿಲಲ್ಲಿದೆ, ಯುಗಾದಿಯೊಳಗೆ ಎಲ್ಲಿಗೆ ಬರಬೇಕು, ಶಾಲೆಯಲ್ಲಿ ಯಾರು ಯಾವ ಹೊತ್ತಿನಲ್ಲಿ ಅದಕ್ಕಾಗಿ ಕೂರುತ್ತಾರೆ, ಮನೆಯಲ್ಲಿ ಅಣ್ಣನೋ ಅಕ್ಕನೋ ದಿನಕ್ಕೆ ಹತ್ತು ನಿಮಿಷ ಏನು ಮಾಡಬೇಕು. ಶಿಕ್ಷಕರಿಗೆ ದಾಖಲೆ ತುಂಬುವ ಕೆಲಸವೇ ಹೊರಲಾರದಷ್ಟಿದೆ ಎಂಬ ಮಾತು ನಿಜ. ಹಾಗಿದ್ದರೆ ಕಡಿಮೆಯಾಗಬೇಕಾದದ್ದು ಮೇಲಕ್ಕೆ ಕಳಿಸುವ ನಮೂನೆಗಳು, ಪಾಲಕರೊಂದಿಗಿನ ಐದು ನಿಮಿಷವಲ್ಲ. ಅಕ್ಷರ ಫೌಂಡೇಶನ್ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಏರ್ಪಡಿಸುತ್ತ ಬಂದಿರುವ ಗಣಿತ ಸ್ಪರ್ಧೆಗಳು, ಊರಿನವರ ಮುಂದೆಯೇ ಮಕ್ಕಳ ಕಲಿಕೆಯನ್ನು ತೆರೆದಿಡುವುದು ಸಾಧ್ಯವೆಂದೂ ಪಂಚಾಯಿತಿ ಸದಸ್ಯರು ಅದರಲ್ಲಿ ಆಸಕ್ತಿ ವಹಿಸುತ್ತಾರೆಂದೂ ತೋರಿಸಿವೆ. ಸ್ಪರ್ಧೆಯ ರೂಪವನ್ನು ಒಪ್ಪದಿರಬಹುದು. ಎಳೆಯ ಮಕ್ಕಳನ್ನು ಒಂದು, ಎರಡು, ಮೂರು ಎಂದು ಸಾಲಾಗಿ ನಿಲ್ಲಿಸುವುದು ಅನಗತ್ಯ.

ಈ ಮಾತುಗಳೆಲ್ಲ ಸರ್ಕಾರಿ ಕನ್ನಡ ಶಾಲೆಗೆ ಮಾತ್ರ ಎಂದು ತಿಳಿಯಬಾರದು. ಜಮಖಂಡಿಯಲ್ಲಿ, ಬೀಳಗಿಯಲ್ಲಿ, ಬನಹಟ್ಟಿಯಲ್ಲಿ ಮಗ್ಗದ ಕೂಲಿಯಿಂದಲೋ ಕಬ್ಬಿನ ಬಿಲ್ಲಿನಿಂದಲೋ ಹಣ ಹೊಂದಿಸಿ ಮಕ್ಕಳನ್ನು ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆಗೆ ಕಳಿಸುವ ಪಾಲಕರಿಗೆ ವರ್ಷಕ್ಕೆ ಹಲವು ಬಾರಿ ಅಂಕಪಟ್ಟಿ ಬರುತ್ತದೆ, ಅದರಲ್ಲಿ ತೊಂಬತ್ತರ ಮೇಲಿನ ಅಂಕಗಳಿರುತ್ತವೆ, ಮಗು ಇಂಗ್ಲಿಷ್ ಪಾಠವನ್ನು ಗಟ್ಟಿಯಾಗಿ ಓದುತ್ತದೆ. ತಮಗೆ ಇಂಗ್ಲಿಷ್ ಬಾರದ ಕಾರಣ ಆ ಓದಿನ ಒಳಗೇನಿದೆ ಎಂದು ಪರೀಕ್ಷಿಸಲು ಸಾಧ್ಯವಿಲ್ಲವೆಂದು ಅವರು ನಂಬಿದ್ದಾರೆ. ಸಾಧ್ಯವಿದೆ. ಓದಿದ್ದು ಏನೆಂದು ಕನ್ನಡದಲ್ಲಿ ಹೇಳು ಎಂದು ಕೇಳಿದರೆ ಸಾಕು. ಅರ್ಥವಾಗಿದ್ದರೆ ಮಗು ಹೇಳುತ್ತದೆ, ಬಾಯಿಪಾಠವಾಗಿದ್ದರೆ ಸುಮ್ಮನಾಗುತ್ತದೆ. 24ನೇ ಕಲಮಿನ ಕರ್ತವ್ಯ ಖಾಸಗಿ ಶಾಲೆಯ ಶಿಕ್ಷಕರಿಗೂ ಅನ್ವಯಿಸುತ್ತದೆ, ಆದರೆ ಅನುದಾನರಹಿತ ಶಾಲೆಗಳಲ್ಲಿ ಪಾಲಕರ ಸಮಿತಿ ಇರಬೇಕೆಂಬ ಕಟ್ಟುಪಾಡು ಕಾಯ್ದೆಯಲ್ಲಿ ಇಲ್ಲ, ಆದ್ದರಿಂದ ಪಾಲಕರು ಒಟ್ಟಾಗಿ ಪ್ರಶ್ನೆ ಕೇಳುವ ಜಾಗವೇ ಅಲ್ಲಿ ಇಲ್ಲದಂತಾಗಿದೆ. ಕ್ಷೇತ್ರ ಶಿಕ್ಷಣಾಧಿಕಾರಿಗಳು ಈ ಶಾಲೆಗಳ ದಾಖಲೆಗಳನ್ನು ಪರಿಶೀಲಿಸುವಾಗ ಕಟ್ಟಡದ ಅಳತೆ, ಅಗ್ನಿ ಸುರಕ್ಷತೆಯ ಪತ್ರಗಳ ಜೊತೆಗೆ, ಮೂರನೆಯ ತರಗತಿಯ ಪಾಲಕರೊಂದಿಗೆ ಆ ವರ್ಷ ಎಷ್ಟು ಸಭೆಗಳು ನಡೆದವು, ಅವುಗಳಲ್ಲಿ ಮಗು ಮಗುವಿನ ಪ್ರಗತಿಯನ್ನು ಯಾವ ಭಾಷೆಯಲ್ಲಿ ತಿಳಿಸಲಾಯಿತು ಎಂಬ ದಾಖಲೆಯನ್ನೂ ಕೇಳಲು ಹೊಸ ಕಾನೂನೇನೂ ಬೇಕಾಗಿಲ್ಲ.